ಜಗಲಿಗೊಂದು ಹಾಳೆ, ಅತ್ತೆಗೊಂದು ಹಾಳೆ

ವಿಕ್ಟೋರಿಯಾ, ಸೆಷೆಲ್ಸ್
11 ಮಾರ್ಚ್ 2007

ಪ್ರೀತಿಯ ಅತ್ತೆ, ಮಾವ,

ತಲುಪಿದೆವು! ವಿಮಾನ ಇಳಿಯುವಾಗ ಕೆಳಗೆ ನೆಲವೇ ಇರಲಿಲ್ಲ, ಬರೀ ನೀರು! ನಾನು ಕಿರುಚಿದ್ದಕ್ಕೆ ಪಕ್ಕದ ಸೀಟಿನ ಅಜ್ಜಿ ಪೆಪ್ಪರ್‌ಮಿಂಟ್ ಕೊಟ್ಟರು. ನಿಮ್ಮ ಮಗ ನನ್ನನ್ನು ಗುರುತೇ ಇಲ್ಲದವರ ಹಾಗೆ ಕಿಟಕಿಯ ಕಡೆ ತಿರುಗಿಕೊಂಡರು.

ಅತ್ತೆ, ಇದನ್ನು ದೇಶ ಅಂತ ಕರೆಯುವುದಕ್ಕೇ ನನಗೆ ನಗು. ಇಡೀ ದೇಶದ ಜನರನ್ನು ಒಂದು ಕಡೆ ಸೇರಿಸಿದರೆ ನಮ್ಮ ರಾಮನಗರ ಪೇಟೆ ತುಂಬಬಹುದು, ಅಷ್ಟೇ! ಬೆಟ್ಟಗಳೂ ಥೇಟ್ ರಾಮನಗರದವೇ. ಅದೇ ಬೋಳು ಬಂಡೆ, ಅದೇ ಬೂದು ಬಣ್ಣ. ಯಾರೋ ಬುಡಸಮೇತ ಕಿತ್ತು ತಂದು ಸಮುದ್ರದಲ್ಲಿ ನಿಲ್ಲಿಸಿದ ಹಾಗಿದೆ. ನಮ್ಮ ಮನೆ ಬಂದರಿನ ಮೇಲಿನ ಇಳಿಜಾರಿನಲ್ಲಿದೆ. ಕೆಂಪು ತಗಡಿನ ಸೂರು, ಹಸಿರು ಬಾಗಿಲು. ವರಾಂಡದಲ್ಲಿ ನಿಂತರೆ ಹಡಗು ಬರುವುದೂ ಹೋಗುವುದೂ ಎಲ್ಲ ಕಾಣುತ್ತದೆ. ನಾನು ದಿನವಿಡೀ ಅಲ್ಲೇ ನಿಂತಿರುತ್ತೇನೆ.

ಪಕ್ಕದ ಮನೆಯವರ ಹೆಸರು ಮಾರಿ-ಆಂಜ್. ಅವರು ಹೇಳಿದ್ದು ಕೇಳಿ. ಇನ್ನೂರೈವತ್ತು ವರ್ಷದ ಹಿಂದೆ ಇಲ್ಲಿ ಒಬ್ಬ ಮನುಷ್ಯನೂ ಇರಲಿಲ್ಲವಂತೆ! ಆಮೆಗಳು ಮಾತ್ರ! ಆಮೇಲೆ ಫ್ರಾನ್ಸಿನವರು ಬಂದರು, ಆಫ್ರಿಕಾದವರನ್ನು ಹಿಡಿದು ತಂದರು, ತಮಿಳರು ಬಂದರು, ಗುಜರಾತಿಗಳು, ಚೀನಿಯರು ಬಂದರು. ಈ ದೇಶದಲ್ಲಿ ಎಲ್ಲರೂ ಬಂದವರೇ. ಮಾರಿ-ಆಂಜ್ ಅವರ ಒಬ್ಬ ಅಜ್ಜ ಫ್ರಾನ್ಸಿನವರು, ಒಬ್ಬ ಅಜ್ಜಿ ಪಾಂಡಿಚೇರಿಯವರು. ನನ್ನನ್ನು ನೋಡಿದ ದಿನವೇ "ನೀನು ಲೇಟಾಗಿ ಬಂದೆ, ಅಷ್ಟೇ" ಅಂದರು.

ಇನ್ನೊಂದು ದೊಡ್ಡ ಸುದ್ದಿ. ನಿನ್ನೆ ಉದಯ್ ಅವರ ಫ್ಯಾಕ್ಟರಿ ನೋಡಿದೆ! ನೀವು ಐಸ್ ಫ್ಯಾಕ್ಟರಿ ಅಂದಿದ್ದಿರಲ್ಲ, ಐಸ್ ಇರುವುದು ಮೀನಿಗೆ! ಟ್ಯೂನಾ ಅಂತ, ಒಂದೊಂದು ನಮ್ಮ ಕೊಟ್ಟಿಗೆಯ ಕರುವಿನಷ್ಟು ದೊಡ್ಡದು! ಕಲ್ಲಿನ ಹಾಗೆ ಹೆಪ್ಪುಗಟ್ಟಿ ಸಾಲಾಗಿ ಮಲಗಿವೆ. ಆ ಶೀತ ಒಂಚೂರು ಇಳಿಯದಂತೆ ನೋಡಿಕೊಳ್ಳುವವರು ನಿಮ್ಮ ಮಗ. ಎಲ್ಲರೂ ಅವರನ್ನು "ಮಿಸ್ಟರ್ ಕೋಲ್ಡ್" ಅಂತಾರೆ. ನನಗೆಷ್ಟು ಹೆಮ್ಮೆ ಗೊತ್ತಾ!

ಬೇಗ ಬರೆಯಿರಿ, ಪ್ಲೀಸ್.

ನಿಮ್ಮ ಮುದ್ದಿನ ಸೊಸೆ,
ಸೌಮ್ಯಶ್ರೀ

*

ಗುಡೇಮಾರನಹಳ್ಳಿ, ಮಾಗಡಿ ತಾಲ್ಲೂಕು
9 ಏಪ್ರಿಲ್ 2007

ಚಿ. ಸೌ. ಸೌಮ್ಯಶ್ರೀಗೆ ಅತ್ತೆಯ ಆಶೀರ್ವಾದ.

ನಿನ್ನ ಕಾಗದ ಬಂದಾಗ ಜಗಲಿಯಲ್ಲಿ ಜನ ಇದ್ದರು. ನಿಮ್ಮ ಮಾವನವರ ಪದ್ಧತಿ ನಿನಗಿನ್ನೂ ತಿಳಿಯದು. ಅವರಿಗೆ ಓದಲು ಬಾರದೆಂದಲ್ಲ. ಆದರೆ ಕಾಗದ ಬಂದರೆ ತಾವು ಓದುವುದಿಲ್ಲ. ಕಂಬಕ್ಕೆ ಒರಗಿ, ಕಣ್ಣು ಮುಚ್ಚಿ, ನನ್ನ ಬಾಯಿಂದಲೇ ಕೇಳಬೇಕು. ಪಕ್ಕದ ಮನೆಯ ಬೈರಪ್ಪನೂ ಬೀಡಿ ಆರಿಸಿ ಬಂದು ಕೂತ.

ರಾಮನಗರದ ಬೆಟ್ಟ ಎಂದು ಓದಿದಾಗ ಬೈರಪ್ಪ, "ಬುಡಿ ಅಯ್ನೋರೇ, ಹಂಗಾರೆ ಅಲ್ಲೂ ಕಲ್ಲು ಹೊಡಿಯೋರು ಬಂದಿರ್ತಾರೆ" ಎಂದು ನಕ್ಕ. ನಿಮ್ಮ ಮಾವನವರೂ ನಕ್ಕರು. ಆಮೇಲೆ ಫ್ಯಾಕ್ಟರಿಯ ಮಾತು ಬಂತು. ಕಣ್ಣು ಮುಂದೆ ಓಡಿತು, ನಾಲಿಗೆ ನಿಂತುಬಿಟ್ಟಿತು.

"ಯಾಕೆ ನಿಲ್ಲಿಸ್ದೆ?" ಎಂದರು, ಕಣ್ಣು ತೆರೆಯದೆ.

"ಅಕ್ಷರ ಒಸಿ ಕೂಡ್ಕೊಂಡೈತೆ."

"ಇಂಗ್ಲಿಷ್ ಶಾಲೆ ಹುಡುಗಿ, ಪಾಪ. ನಿಧಾನಕ್ಕೆ ಓದು."

"ಐಸಿನ ಗಡ್ಡೆ ಒಂದೊಂದು ನಮ್ಮ ಕೊಟ್ಟಿಗೆ ಕರುವಿನಷ್ಟು ದೊಡ್ಡದು" ಎಂದು ಓದಿದೆ.

"ಕರಿನಷ್ಟು ಐಸಾ! ಅಷ್ಟು ಐಸು ಯಾರು ಚೀಪ್ತಾರೆ ಅಯ್ನೋರೇ?" ಎಂದ ಬೈರಪ್ಪ.

"ಬಿಸ್ಲು ದೇಶ ಕಣಯ್ಯ. ಬೇಕಾಗ್ತದೆ" ಎಂದರು ನಿಮ್ಮ ಮಾವನವರು, ತಾವೇ ಹೋಗಿ ನೋಡಿಕೊಂಡು ಬಂದವರಂತೆ.

ಸೌಮ್ಯಾ, ನೀನು ಬರೆದದ್ದು ನಿಜವೇ? ನನಗೂ ಉದಯ ಐಸ್ ಫ್ಯಾಕ್ಟರಿ ಎಂದೇ ಹೇಳಿದ್ದ. ನಿನಗೆ ಹೇಳಬೇಕಾದ್ದು ಒಂದಿದೆ. ಸುತ್ತಲಿನ ಹಳ್ಳಿಗಳಲ್ಲಿ ನಮ್ಮವರ ಮನೆಯಲ್ಲಿ ಮಗು ಹುಟ್ಟಿದರೆ ಅದಕ್ಕೆ ಲಿಂಗ ಕಟ್ಟುವ ಕೈ ನಿಮ್ಮ ಮಾವನವರದು. ಅವರ ತಂದೆಯದೂ ಅದೇ ಕೆಲಸ. ಉದಯ ಅದನ್ನು ಬಿಟ್ಟು ಐ.ಟಿ.ಐ. ಸೇರಿ ಬಿಡದಿಯ ಫ್ಯಾಕ್ಟರಿಯಲ್ಲಿ ಶೀತದ ಮೆಷಿನ್ ರಿಪೇರಿಗೆ ನಿಂತಾಗಲೇ ಅಪ್ಪ ಮಗನಿಗೆ ವರ್ಷಗಟ್ಟಲೆ ಮಾತಿರಲಿಲ್ಲ. ಈಗ ಮೀನು ಎಂದು ತಿಳಿದರೆ ಮಗನ ಕೈಯಿಂದ ನೀರು ಕೂಡ ತೆಗೆದುಕೊಳ್ಳುವುದಿಲ್ಲ. ಊರವರಿಗೆ ತಿಳಿದರೆ ಇವರ ಕೈಯಿಂದ ಯಾರೂ ಲಿಂಗ ಕಟ್ಟಿಸಿಕೊಳ್ಳುವುದಿಲ್ಲ.

ಬೈರಪ್ಪನ ಮೊಬೈಲಿನಲ್ಲಿ ಇದನ್ನೆಲ್ಲ ಹೇಳಲಾಗುವುದಿಲ್ಲ. ಅವನ ಮನೆಯವರೆಲ್ಲ ಸುತ್ತ ನಿಂತಿರುತ್ತಾರೆ. ಇನ್ನು ಮೇಲೆ ಎರಡು ಹಾಳೆ ಬರಿ. ಒಂದು ಜಗಲಿಗೆ, ಒಂದು ನನಗೆ. ನನ್ನದನ್ನು ಒಳಗೆ ಮಡಿಸಿಡು.

ಇತಿ,
ಗಿರಿಜಾಂಬ

*

ವಿಕ್ಟೋರಿಯಾ
20 ಜುಲೈ 2007

(ಜಗಲಿಯ ಹಾಳೆ)

ಪೂಜ್ಯ ಅತ್ತೆ, ಮಾವ, ಮತ್ತು ಬೈರಪ್ಪ ಮಾವನಿಗೆ ನಮಸ್ಕಾರಗಳು.

ನಾವಿಬ್ಬರೂ ಕ್ಷೇಮ. ಇಲ್ಲಿ ಐಸಿಗೆ ತುಂಬಾ ಬೇಡಿಕೆ. ಸ್ಪೇನ್, ಫ್ರಾನ್ಸ್‌ನಿಂದ ಹಡಗುಗಳು ಬರುತ್ತವೆ. ಐಸ್ ಗಡ್ಡೆಗಳು ಒಳ್ಳೆಯ ಗುಣಮಟ್ಟದವು. ಊಟಕ್ಕೆ ತೊಂದರೆಯಿಲ್ಲ. ಮಾರಿ-ಆಂಜ್ ಅವರು ಹಲಸಿನ ತಮ್ಮನಂಥ ಒಂದು ಕಾಯಿ ಕೊಟ್ಟರು, ಅದರ ಪಲ್ಯ ಮಾಡಿದೆ. ಇಲ್ಲಿ ಒಂದು ಗಣಪತಿ ದೇವಸ್ಥಾನವಿದೆ, ತಮಿಳರದು. ಸೋಮವಾರ ಹೋಗಿ ಬರುತ್ತೇವೆ.

ನಿಮ್ಮ,
ಸೌಮ್ಯಶ್ರೀ

(ನಿಮ್ಮ ಹಾಳೆ)

ಅತ್ತೇ! ಗುಣಮಟ್ಟದ ಐಸ್ ಅಂತ ಬರೆಯುವಾಗ ನಕ್ಕು ನಕ್ಕು ಪೆನ್ನು ಬಿದ್ದುಹೋಯಿತು. ಆದರೆ ನಿಮ್ಮ ಕಾಗದ ಬಂದ ದಿನ ನಗಲಿಲ್ಲ. ನಮ್ಮ ಮೊದಲ ಜಗಳ ಅವತ್ತೇ ಆಯಿತು. "ಯಾಕೆ ಬರೆದೆ?" ಅಂದರು. "ನೀವು ಯಾಕೆ ಹೇಳಲಿಲ್ಲ?" ಅಂದೆ. ಆಮೇಲೆ ಅವರು ವರಾಂಡದಲ್ಲಿ ಕೂತರು. ನಾನು ಒಳಗೆ ಕೂತೆ. ನಮ್ಮದು ಒಂದೇ ರೂಮಿನ ಮನೆ. ಮುನಿಸಿಕೊಂಡರೂ ಹೋಗಲಿಕ್ಕೆ ಬೇರೆ ಜಾಗವಿಲ್ಲ!

ಇನ್ನೊಂದು ಹೇಳಬೇಕು, ಬೈಯಬೇಡಿ. ಅವರು ಕೆಲಸಕ್ಕೆ ಹೋಗುವ ಮೊದಲು ಕೊರಳಿನ ಲಿಂಗ ತೆಗೆದು ಟೀ ಡಬ್ಬಿಯಲ್ಲಿಟ್ಟು ಹೋಗುತ್ತಾರೆ. ಹೊಸ ಡಬ್ಬಿ. ಟೀ ಬಿಟ್ಟು ಬೇರೇನನ್ನೂ ಇಟ್ಟದ್ದಲ್ಲ. ಸಂಜೆ ಬಂದು ನಿಂಬೆ ಸಿಪ್ಪೆಯಲ್ಲಿ ಕೈ ತಿಕ್ಕಿ, ಸ್ನಾನ ಮಾಡಿ, ಆಮೇಲೆ ಕಟ್ಟಿಕೊಳ್ಳುತ್ತಾರೆ. ಕೇಳಿದರೆ "ಅದಕ್ಕೆ ವಾಸನೆ ತಗಲಬಾರದು" ಅಂತಾರೆ. ಚನ್ನಪಟ್ಟಣದ ನಮ್ಮ ಮನೆಯಲ್ಲಿ ಅಪ್ಪ ಲಿಂಗವನ್ನು ದೇವರ ಗೂಡಿನಲ್ಲಿಟ್ಟೇ ಅಂಗಡಿಗೆ ಹೋಗುತ್ತಿದ್ದರು. ನನಗದು ದೊಡ್ಡದಾಗಿ ಕಾಣಲಿಲ್ಲ. ಆದರೆ ಇವರು ಆ ಡಬ್ಬಿಯ ಮುಚ್ಚಳ ಹಾಕುವಾಗ ಮುಖ ನೋಡಲಾಗುವುದಿಲ್ಲ ಅತ್ತೆ.

ಮೇ ತಿಂಗಳಿಂದ ಇಲ್ಲಿ ಒಂದು ಗಾಳಿ ಬೀಸುತ್ತಿದೆ, ನಿಲ್ಲುವುದೇ ಇಲ್ಲ. ಬಟ್ಟೆ ಹಾರುತ್ತದೆ, ತಗಡು ಬಡಿಯುತ್ತದೆ, ನನಗೂ ಕೂತಲ್ಲಿ ಕೂರಲಾಗುವುದಿಲ್ಲ. ಬಂದರಿಗೆ ಇಳಿಯುತ್ತೇನೆ, ಹತ್ತುತ್ತೇನೆ, ಮತ್ತೆ ಇಳಿಯುತ್ತೇನೆ. ಪರ್ಮಿಟ್ ಮುಗಿದ ಮೇಲೂ ಇಲ್ಲೇ ಇರೋಣ, ಇಲ್ಲಿನವರೇ ಆಗಿಬಿಡೋಣ ಅಂತ ಇವರಿಗೆ ಆಸೆ. ನನಗೂ ಬೆಳಿಗ್ಗೆ ಹೌದು ಅನ್ನಿಸುತ್ತದೆ. ಮಧ್ಯಾಹ್ನ ಯಾವುದಾದರೂ ಹಡಗು ಹೊರಟರೆ ಹತ್ತಿಬಿಡೋಣ ಅನ್ನಿಸುತ್ತದೆ.

ಈಗ ಕುರ್ಚಿ ಹಿಡಿದುಕೊಳ್ಳಿ! ನಿಮಗೆ ಮೊಮ್ಮಗು! ಎರಡು ತಿಂಗಳು! ಮಾವನಿಗೆ ನೀವೇ ಹೇಳಿ. ಹೇಳಿದ ಕೂಡಲೇ ಅವರ ಮುಖ ಹೇಗಾಯಿತು ಅಂತ ಒಂದಕ್ಷರ ಬಿಡದೆ ಬರೆಯಿರಿ.

ನಿಮ್ಮ,
ಸೌಮ್ಯಾ

*

ಗುಡೇಮಾರನಹಳ್ಳಿ
6 ಸೆಪ್ಟೆಂಬರ್ 2007

ಸೌಮ್ಯಾ,

ಮುಖ ಹೇಗಾಯಿತು ಎಂದು ಕೇಳಿದ್ದೀಯೆ. ಮುಖ ನೋಡಲು ಅವರು ನಿಲ್ಲಲಿಲ್ಲ. ಎದ್ದು ಕೊಟ್ಟಿಗೆಗೆ ಹೋಗಿ ಎತ್ತಿನ ಮೈ ಉಜ್ಜುತ್ತಾ ನಿಂತರು. ಆ ಬೆಳಿಗ್ಗೆ ಒಮ್ಮೆ ಉಜ್ಜಿ ಆಗಿತ್ತು. ಎತ್ತುಗಳಿಗೇ ಆಶ್ಚರ್ಯ. ಆಮೇಲೆ ಒಳಗೆ ಬಂದು, "ಹೆಂಗವ್ಳೆ? ಉಣ್ತಾಳಾ?" ಎಂದು ಮಾತ್ರ ಕೇಳಿದರು.

ಮಾರನೆಯ ವಾರ ತಾವೇ ಮಾಗಡಿಗೆ ಹೋಗಿ ಪುಟ್ಟದೊಂದು ಬೆಳ್ಳಿ ಕರಡಿಗೆ ಮಾಡಿಸಿ ತಂದರು. ಅದರೊಳಗೆ ಮಗುವಿನ ಲಿಂಗ. ಶಿವದಾರವನ್ನು ತಾವೇ ಕೂತು ಹೊಸೆದರು. ಎಂಟನೇ ತಿಂಗಳಲ್ಲಿ ಬಸುರಿಯ ಕೊರಳಿಗೆ ಮಗುವಿನ ಲಿಂಗವನ್ನೂ ಕಟ್ಟುವುದು ನಮ್ಮಲ್ಲಿನ ಪದ್ಧತಿ. ಹುಟ್ಟಿದ ಮೇಲೆ ಅದೇ ಲಿಂಗ ಮಗುವಿಗೆ. ಊರ ಮಕ್ಕಳಿಗೆಲ್ಲ ಕಟ್ಟಿದ ಕೈ ಸ್ವಂತ ಮೊಮ್ಮಗುವಿಗಾಗಿ ಕಾಯುತ್ತಿದೆ. "ಎಂಟಕ್ಕೆ ಅವಳು ಇಲ್ಲಿರ್ಬೇಕು, ಬರಿ" ಎಂದು ದಿನಕ್ಕೊಮ್ಮೆ ನೆನಪಿಸುತ್ತಾರೆ. ಬರೆದಿದ್ದೇನೆ.

ಡಬ್ಬಿಯ ವಿಷಯ ಓದಿದೆ. ಬೈಯುವುದಕ್ಕೂ ನನಗೆ ಬಾಯಿ ಬರಲಿಲ್ಲ. ಲಿಂಗ ಮೈಮೇಲಿಂದ ಇಳಿಸುವುದು ಏನೆಂದು ನಿನಗೆ ತಿಳಿಯದಿರಬಹುದು, ಅವನಿಗೆ ತಿಳಿದಿದೆ. ಅಲ್ಲೇ ಉಳಿಯುವ ಮಾತೂ ಸದ್ಯ ನನ್ನ ಹಾಳೆಯಲ್ಲೇ ಇರಲಿ. ನನ್ನ ಹಾಳೆ ಈಗ ಜಗಲಿಯ ಹಾಳೆಗಿಂತ ಭಾರವಾಗಿದೆ.

ಇಲ್ಲಿ ರಾಮನಗರ ಜಿಲ್ಲೆಯಾಯಿತು. ಮಾಗಡಿಯಲ್ಲಿ ಪಟಾಕಿ ಹೊಡೆದರಂತೆ. ಸೋಲೂರು ರಸ್ತೆಯ ಉದ್ದಕ್ಕೂ ತಗಡಿನ ಷೆಡ್ಡುಗಳು ಏಳುತ್ತಿವೆ. ರಾಗಿ ಹೊಲದ ನಡುವೆ ಕಾಂಪೌಂಡ್ ಗೋಡೆ, ಅದರೊಳಗೆ ಏನೂ ಇಲ್ಲ. ಲಾರಿಯ ಧೂಳಿನಿಂದ ಅಂಗಳದಲ್ಲಿ ಹಪ್ಪಳ ಒಣಗಿಸುವಂತಿಲ್ಲ. ಬೈರಪ್ಪ ಹಳೆಯ ಹುಲ್ಲಿನ ಕೊಟ್ಟಿಗೆಗೆ ಸಿಮೆಂಟು ಹಾಕಿಸಿ ಒಡಿಶಾದ ಒಂದು ಗಂಡ ಹೆಂಡತಿಗೆ ಬಾಡಿಗೆಗೆ ಕೊಟ್ಟಿದ್ದಾನೆ. ಗಂಡ ಹೊಸ ಫ್ಯಾಕ್ಟರಿಯಲ್ಲಿ ಡಬ್ಬ ಕಟ್ಟುವ ಕೆಲಸ ಮಾಡುತ್ತಾನೆ. ಹುಡುಗಿಯ ಹೆಸರು ಸುಕಾಂತಿ, ಕಂಕುಳಲ್ಲಿ ಒಂದು ಕೂಸು. ಅವಳು ಒಣಮೀನು ಹುರಿದರೆ ಗಾಳಿ ನೇರ ನಮ್ಮ ಜಗಲಿಗೇ ಬರುತ್ತದೆ.

"ಲೇ ಬೈರಪ್ಪ, ಏನಿದು ನಾತ?" ಎಂದು ನಿಮ್ಮ ಮಾವನವರು ಕೂಗಿದರೆ, ಅವನು, "ನಾತ ಅಲ್ಲ ಅಯ್ನೋರೇ, ಬಾಡಿಗೆ" ಎನ್ನುತ್ತಾನೆ.

ಮೈ ನೋಡಿಕೋ. ಇಳಿಜಾರಿನಲ್ಲಿ ಓಡಾಡಬೇಡ.

ಇತಿ,
ಗಿರಿಜಾಂಬ

*

ವಿಕ್ಟೋರಿಯಾ
2 ನವೆಂಬರ್ 2007

ಅತ್ತೆ,

ಈ ಸಲ ಜಗಲಿಯ ಹಾಳೆ ಇಲ್ಲ. ಬರೆಯಲು ಕೂತೆ, ಸುಳ್ಳು ಹೊಳೆಯಲಿಲ್ಲ.

ಇಳಿಜಾರಿನಲ್ಲಿ ಓಡಾಡಬೇಡ ಅಂತ ನೀವು ಬರೆದ ಕಾಗದ ನಾನು ಆಸ್ಪತ್ರೆಯಿಂದ ಬಂದ ಮೇಲೆ ತಲುಪಿತು. ಬಿದ್ದದ್ದಲ್ಲ. ಸುಮ್ಮನೆ, ಒಂದು ಬೆಳಿಗ್ಗೆ, ರಕ್ತ. ಮಗು ಚೆನ್ನಾಗಿದೆ ಅತ್ತೆ, ಗಾಬರಿ ಬೇಡ. ಅದರ ಎದೆ ಬಡಿತ ಕೇಳಿಸಿದರು, ಕುದುರೆ ಓಡಿದ ಹಾಗಿತ್ತು! ಆದರೆ ಹೆರಿಗೆಯವರೆಗೂ ಮಲಗಿಯೇ ಇರಬೇಕು, ವಿಮಾನದ ಮಾತೇ ಎತ್ತಬಾರದು ಅಂದರು ಡಾಕ್ಟರ್. ಚನ್ನಪಟ್ಟಣದಿಂದ ಅಮ್ಮ ಫೋನಿನಲ್ಲಿ ಅಳುತ್ತಾರೆ, ಮೊದಲ ಹೆರಿಗೆ ತವರಿನಲ್ಲಾಗಬೇಕಿತ್ತು ಅಂತ.

ನಾನು ಮಲಗುವವಳಲ್ಲ ಅಂತ ನಿಮಗೆ ಗೊತ್ತಲ್ಲ. ಗಾಳಿ ನಿಂತು ಈಗ ಮಳೆ ಶುರುವಾಗಿದೆ. ಹಡಗಿನ ಸಿಳ್ಳೆ ಕೇಳಿಸುತ್ತದೆ, ಎದ್ದು ನೋಡುವಂತಿಲ್ಲ. ಮಾರಿ-ಆಂಜ್ ದಿನಾ ಬಂದು ತಲೆ ಬಾಚುತ್ತಾರೆ. ಯಾವ ಹಡಗು ಬಂತು, ಯಾವುದು ಹೋಯಿತು ಅಂತ ವರದಿ ಒಪ್ಪಿಸುತ್ತಾರೆ.

ಎಂಟನೇ ತಿಂಗಳಿಗೆ ನಾನು ಅಲ್ಲಿರುವುದಿಲ್ಲ. ಮಾವ ಆ ಲಿಂಗವನ್ನು ಪಾರ್ಸೆಲ್ ಮಾಡಿ ಪೋಸ್ಟಿನಲ್ಲಿ ಕಳಿಸಿದರೆ ಆಗುತ್ತದಾ? ಹತ್ತಿ ಸುತ್ತಿ, ರಿಜಿಸ್ಟರ್ ಮಾಡಿಸಿ? ಉದಯ್ ಅವರಿಗೆ ಹೇಳಿದೆ. "ಅದೇನು ರಿಮೋಟಿನ ಬ್ಯಾಟರಿನಾ?" ಅಂದವರು ನಗುತ್ತಾರೆ ಅಂದುಕೊಂಡೆ. ನಗಲಿಲ್ಲ. ಗೋಡೆ ಕಡೆ ತಿರುಗಿ, "ನನ್ನ ಮಗೂಗೆ ಅಪ್ಪನ ಕೈ ಸಿಗಲ್ಲ ಬಿಡು" ಅಂದರು. ಟೀ ಡಬ್ಬಿ ತಲೆಯ ಮೇಲಿನ ಶೆಲ್ಫಿನಲ್ಲೇ ಇತ್ತು.

ಅತ್ತೆ, ಏನಾದರೂ ಮಾಡಿ.

ಸೌಮ್ಯಾ

*

ಗುಡೇಮಾರನಹಳ್ಳಿ
25 ನವೆಂಬರ್ 2007

ಸೌಮ್ಯಾ,

ಮಾಡಿದೆ. ಸರಿಯೋ ತಪ್ಪೋ ಗೊತ್ತಿಲ್ಲ.

ನಿನ್ನ ಕಾಗದ ಬಂದ ದಿನ ಜಗಲಿಗೆ ಹಾಳೆ ಇಲ್ಲವಲ್ಲ ಎಂದು ಅದನ್ನು ಸೆರಗಿನಲ್ಲಿಟ್ಟುಕೊಂಡೇ ಓಡಾಡಿದೆ. ಸಂಜೆ ಆ ಒಡಿಶಾದ ಹುಡುಗಿ ಸುಕಾಂತಿ ಕೂಸನ್ನು ಎತ್ತಿಕೊಂಡು ಓಡಿಬಂದಳು. ಮಗುವಿಗೆ ಜ್ವರ, ಕಣ್ಣು ಮೇಲೆ ಸಿಕ್ಕಿಕೊಂಡಿತ್ತು. ಅವಳಿಗೆ ನಮ್ಮ ಮಾತು ಬಾರದು. ಊರ ಹೆಂಗಸರು ಯಾರೋ ಅಯ್ಯನವರ ಬಾಗಿಲು ತೋರಿಸಿದ್ದಾರೆ. ಒಲೆಯ ಮುಂದಿನಿಂದ ಹಾಗೇ ಎದ್ದು ಬಂದಿದ್ದಳು. ಅವಳ ಕೈಯಿಂದ, ಸೆರಗಿನಿಂದ, ಮೀನಿನ ವಾಸನೆ ರಾಚುತ್ತಿತ್ತು.

ನಿಮ್ಮ ಮಾವನವರು ಕೂಸನ್ನು ಕೈಗೆ ತೆಗೆದುಕೊಂಡರು. ಹಣೆಗೆ ವಿಭೂತಿ ಇಟ್ಟು, ಒದ್ದೆ ಬಟ್ಟೆ ತರಿಸಿ ತಾವೇ ಮೈ ಒರೆಸಿದರು. "ಬೈರಪ್ಪ, ಬೈಕ್ ತಗಿಯಲೇ, ಸೋಲೂರು ಡಾಕ್ಟ್ರತ್ರ ಕರ್ಕೊಂಡೋಗು" ಎಂದು ಗದರಿ ಕಳಿಸಿದರು. ಕೂಸು ಈಗ ಆರಾಮಾಗಿದೆ.

ಅವರು ಹೋದ ಮೇಲೆ ನಾನು, "ನೀರು ಕಾಯಿಸ್ಲಾ? ಸ್ನಾನ ಮಾಡ್ತೀರಾ?" ಎಂದೆ.

"ಯಾಕೆ?"

"ಆ ಹುಡುಗಿ ಕೈ ತುಂಬ ಮೀನು."

"ಜ್ವರ ಬಂದಿದ್ದು ಮಗೀಗೆ ಕಣೇ. ಮೀನಿಗಲ್ಲ ನಾನು ಇಬೂತಿ ಇಕ್ಕಿದ್ದು."

ಇಷ್ಟು ದಿನ ಕಾಯುತ್ತಿದ್ದ ಬಾಗಿಲು ಅದೇ ಎನ್ನಿಸಿತು. "ಉದಯನ ಫ್ಯಾಕ್ಟರಿಲಿರೋದು ಐಸಲ್ಲ, ಮೀನು" ಎಂದುಬಿಟ್ಟೆ. "ತಿನ್ನಲ್ಲ. ಹಿಡಿಯಲ್ಲ, ಕೊಲ್ಲಲ್ಲ. ಕೆಡದಂಗೆ ಶೀತ ಕಾಯ್ತಾನೆ. ಸೌಮ್ಯ ಮೊದ್ಲೇ ಬರ್ದಿದ್ಲು. ಓದ್ದೋಳು ನಾನು, ಮುಚ್ಚಿಟ್ಟೋಳೂ ನಾನೇ."

ಬೈಯುತ್ತಾರೆಂದು ಕಾದೆ. ಅವರು ಕಂಬ ಬಿಟ್ಟು ನೆಟ್ಟಗೆ ಕೂತರು. "ಎಲ್ಲಾ ಕಾಗ್ದ ತಾ" ಎಂದರು. "ಮೊದಲ್ನೇದ್ರಿಂದ ಓದು. ಈ ಸಲ ಇರೋದು ಓದು."

ಓದಿದೆ. ಕರುವಿನಷ್ಟು ಮೀನು, ನಿಂಬೆ ಸಿಪ್ಪೆ, ಅಲ್ಲೇ ಉಳಿಯುವ ಮಾತು, ರಕ್ತ, ಪಾರ್ಸೆಲ್, ಎಲ್ಲವನ್ನೂ ಓದಿದೆ. ಈ ಸಲ ಅವರು ಕಣ್ಣು ಮುಚ್ಚಲಿಲ್ಲ. ಟೀ ಡಬ್ಬಿಯ ಸಾಲು ಬಂದಾಗ, "ಇನ್ನೊಂದ್ಸಲ ಓದು" ಎಂದರು. ಓದಿದೆ. ಎದ್ದು ಹೊಲದ ಕಡೆ ಹೋದರು.

ಆಮೇಲೆ ನನ್ನೊಡನೆ ಮಾತಿಲ್ಲ. ನಾನಿಟ್ಟ ಊಟ ಮಾಡುತ್ತಾರೆ, ಅಷ್ಟೇ. ನಿನ್ನೆ ಬೆಳಿಗ್ಗೆ ಒಗೆದ ಅಂಗಿ ಹಾಕಿಕೊಂಡು ಬೈರಪ್ಪನ ಜೊತೆ ಬೆಂಗಳೂರಿನ ಬಸ್ಸು ಹತ್ತಿದರು. ಯಾಕೆ ಎಂದರೆ ಬೈರಪ್ಪ, "ಅಯ್ನೋರು ಆಣೆ ಹಾಕ್ಸವ್ರೆ ಕಣಮ್ಮ" ಎಂದು ಹಲ್ಲು ಕಿರಿದ.

ಮಲಗಿರು. ಏಳಬೇಡ.

ಗಿರಿಜಾಂಬ

*

ಗುಡೇಮಾರನಹಳ್ಳಿ
14 ಜನವರಿ 2008

ಸೌಮ್ಯಾ,

ನಿಮ್ಮ ಮಾವನವರು ನಿಮ್ಮಲ್ಲಿಗೆ ಹೊರಟುಹೋದರು. ಈ ಕಾಗದ ಅವರ ಹಿಂದೆಯೇ ಬರುತ್ತದೆ, ಮುಂದೆ ಅಲ್ಲ. ಆದರೂ ಬರೆಯದೆ ಕೂರಲಾರೆ.

ಬೆಂಗಳೂರಿಗೆ ಹೋದದ್ದು ಪಾಸ್‌ಪೋರ್ಟಿಗಂತೆ. ಪೊಲೀಸಿನವನು ಮನೆಗೆ ವಿಚಾರಣೆಗೆ ಬಂದಾಗ ನನಗೆ ತಿಳಿಯಿತು. ಬೈರಪ್ಪ ಈಗಾಗಲೇ ಉದಯನಿಗೆ ಫೋನಿನಲ್ಲಿ ಹೇಳಿರಬೇಕು, ಅಪ್ಪ ಬರುತ್ತಿದ್ದಾರೆ ಎಂದು. ಯಾಕೆ ಎಂದು ಮಾತ್ರ ಅವನಿಗೂ ಗೊತ್ತಿಲ್ಲ, ನನಗೂ ಹೇಳಲಿಲ್ಲ. ಕೊಟ್ಟಿಗೆಯಲ್ಲಿ ಜೋಡೆತ್ತು ಇಲ್ಲ, ಟಿಕೆಟ್ಟಿನ ದುಡ್ಡಿಗೆ ಮಾರಿರಬೇಕು. ದೇವರ ಗೂಡಿನಲ್ಲಿ ಪುಟ್ಟ ಕರಡಿಗೆಯೂ ಇಲ್ಲ. ನಿನಗೆ ಕಟ್ಟಲು ತೆಗೆದುಕೊಂಡು ಹೋದರೋ, ಸಿಟ್ಟಿನಲ್ಲಿ ಮಠಕ್ಕೆ ಒಪ್ಪಿಸಿ ಹೋದರೋ. ಮಗನಿಗೆ ಕೈ ಎತ್ತುತ್ತಾರೋ, ಅವನನ್ನು ಎಳೆದುಕೊಂಡು ಬರುತ್ತಾರೋ. ಬಾಗಿಲಲ್ಲಿ ತಿರುಗಿ, "ಕೊಟ್ಟಿಗೆ ಕರೀಗೆ ಹುಲ್ಲು ಹಾಕು" ಎಂದರು. ಇಷ್ಟು ದಿನದಲ್ಲಿ ನನಗೆಂದು ಆಡಿದ್ದು ಅದೊಂದೇ ಮಾತು.

ಜಗಲಿ ಖಾಲಿ. ಸುಕಾಂತಿ ಕೂಸನ್ನು ಕರೆದುಕೊಂಡು ಬಂದು ನನ್ನ ಪಕ್ಕ ಸುಮ್ಮನೆ ಕೂರುತ್ತಾಳೆ. ಈಗೀಗ "ಅಮ್ಮ, ಬಿಸ್ಲು" ಎನ್ನಲು ಕಲಿತಿದ್ದಾಳೆ.

ಏನು ನಡೆದರೂ ಬರಿ. ನಡೆದದ್ದನ್ನೇ ಬರಿ.

ಗಿರಿಜಾಂಬ

*

ವಿಕ್ಟೋರಿಯಾ
27 ಜನವರಿ 2008

ಅತ್ತೇ, ನನ್ನ ಅತ್ತೆ,

ಈ ಸಲ ಒಂದೇ ಹಾಳೆ. ಜಾಗ ಸಾಲದಿದ್ದರೆ ಅಂಚಿನಲ್ಲೆಲ್ಲ ಬರೆಯುತ್ತೇನೆ!

ಮಾವ ವಿಮಾನ ನಿಲ್ದಾಣದಿಂದ ಹೊರಬಂದದ್ದನ್ನು ಉದಯ್ ಹೇಳಿದ ಹಾಗೆ ಹೇಳುತ್ತೇನೆ. ಚಡ್ಡಿ ಹಾಕಿದ ಪ್ರವಾಸಿಗಳ ನಡುವೆ ಕಾವಿ ಶಾಲು, ಹಣೆ ತುಂಬ ವಿಭೂತಿ, ಕೈಯಲ್ಲಿ ಹಿತ್ತಾಳೆ ತಂಬಿಗೆ. ಇಮಿಗ್ರೇಷನ್ ಹೆಂಗಸು ಯಾಕೆ ಬಂದಿರಿ ಅಂತ ಕೇಳಿದಳಂತೆ. "ನನ್ ಮಗ ಅವ್ನೆ ಇಲ್ಲಿ" ಅಂದರಂತೆ, ಕನ್ನಡದಲ್ಲೇ. ಎಷ್ಟು ದಿನ ಇರುತ್ತೀರಿ ಅಂದಳಂತೆ. ಅದಕ್ಕೂ "ನನ್ ಮಗ ಅವ್ನೆ" ಅಂದರಂತೆ. ಅವಳು ನಕ್ಕು ಮುದ್ರೆ ಒತ್ತಿ ಕಳಿಸಿದಳಂತೆ.

ಆದರೆ ಮನೆಗೆ ಬಂದವರು ಒಳಗೆ ಬರಲಿಲ್ಲ. ವರಾಂಡದಲ್ಲೇ ಕೂತರು. ಬಾಗಿಲಿನಿಂದಲೇ ನನ್ನ ಮುಖ ನೋಡಿ, "ಇಳ್ದೋಗಿದೀಯಲ್ಲವ್ವಾ" ಅಂದರು. ಉದಯ್ ನೀರು ತಂದರು. ಮಾವ ಲೋಟದ ಕಡೆ ನೋಡಲೇ ಇಲ್ಲ, ತಮ್ಮ ತಂಬಿಗೆಯಿಂದ ಕುಡಿದರು. ಮಗನ ಕೈಯಿಂದ ನೀರು ಕೂಡ ತೆಗೆದುಕೊಳ್ಳುವುದಿಲ್ಲ ಅಂತ ನೀವು ಮೊದಲ ಕಾಗದದಲ್ಲಿ ಬರೆದದ್ದು ನೆನಪಾಯಿತು. ಉದಯ್ ಆ ಲೋಟ ಹಿಡಿದುಕೊಂಡು ನಿಂತೇ ಇದ್ದರು.

ಬೆಳಿಗ್ಗೆ ಎದ್ದವರೇ ಮಾವ, "ನಡಿ, ನಿನ್ನ ಫ್ಯಾಕ್ಟ್ರಿ ತೋರ್ಸು" ಅಂದರು.

"ಬೇಡ ಅಪ್ಪ. ಅಲ್ಲಿ ನಿಮಗೆ ನೋಡಕ್ಕಾಗಲ್ಲ."

"ನೋಡಕ್ಕೇ ಬಂದಿರೋದು ಕಣ್ಲಾ. ನಡಿ."

ನನಗೆ ಮಂಚ ಬಿಟ್ಟು ಏಳುವಂತಿಲ್ಲವಲ್ಲ, ನಾನು ಹೋಗಲಿಲ್ಲ. ಒಳಗೆ ನಡೆದದ್ದು ಉದಯ್ ಹೇಳಿದ್ದು. ಕಾವಿ ಶಾಲಿನ ಮೇಲೆ ದಪ್ಪ ನೀಲಿ ಕೋಟು ಹಾಕಿಸಿ ಶೀತದ ಕೋಣೆಗೆ ಕರೆದುಕೊಂಡು ಹೋದರಂತೆ. ಮೀನುಗಳ ಸಾಲಿನ ಮುಂದೆ ಮಾವ ಮೂಗು ಮುಚ್ಚಲಿಲ್ಲವಂತೆ, ಮುಖ ತಿರುಗಿಸಲಿಲ್ಲವಂತೆ. ಮೀನನ್ನು ನೋಡಿದ್ದಕ್ಕಿಂತ ಹೆಚ್ಚಾಗಿ ಮಗನ ಕೈಯನ್ನು ನೋಡಿದರಂತೆ. ಅತ್ತೆ, ಇದನ್ನು ನಾನು ನಿಮಗೆ ಬರೆದಿರಲಿಲ್ಲ. ಶೀತಕ್ಕೆ ಅವರ ಬೆರಳೆಲ್ಲ ಸೀಳಿದೆ.

"ಇಲ್ಲಿ ಎಷ್ಟೊತ್ತು ನಿಂತಿರ್ತೀಯಾ?"

"ಮೆಷಿನ್ ಕೆಟ್ರೆ, ಸರಿಯಾಗೋಗಂಟ."

"ಹೂಂ" ಅಂದರಂತೆ.

ಮನೆಗೆ ಬಂದು ಇಬ್ಬರೂ ಸ್ನಾನ ಮಾಡಿದರು. ಈ ಸಲ ಮಾವ ಒಳಗೆ ಬಂದು ನೆಲದ ಮೇಲೆ ಕೂತು, "ನಿನ್ನ ಲಿಂಗ ತಾ" ಅಂದರು. ಉದಯ್ ಶೆಲ್ಫಿನಿಂದ ಟೀ ಡಬ್ಬಿ ಇಳಿಸಿದರು. ನಾನು ಕಣ್ಣು ಮುಚ್ಚಿಬಿಟ್ಟೆ. ಮುಚ್ಚಳ ತೆಗೆದ ಸದ್ದು ಕೇಳಿತು. ಕಣ್ಣು ತೆರೆದರೆ ಮಾವ ಡಬ್ಬಿಯನ್ನು ಮೂಗಿನ ಹತ್ತಿರ ಹಿಡಿದಿದ್ದರು.

"ಟೀ ವಾಸ್ನೆ" ಅಂದರು.

"ಅದಕ್ಕೆ ಮೀನಿಂದು ತಗುಲ್ಬಾರ್ದು ಅಂತ..."

"ಗೊತ್ತು. ಓದ್ಸಿ ಕೇಳಿದೀನಿ." ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ನೋಡುತ್ತಾ ಕೂತರು. ಆಮೇಲೆ ಮೆಲ್ಲಗೆ ಅಂದರು, "ಇಷ್ಟು ದಿನ ನೀನು ಇದನ್ನ ಕಾಯ್ದಿದೀಯಾ. ಅದು ನಿನ್ನ ಕಾಯ್ಬೇಕಾಗಿತ್ತಲ್ಲೇನ್ಲಾ? ಆ ಶೀತದಲ್ಲಿ ಬರೀ ಕೊರಳಲ್ಲಿ ನಿಂತಿದ್ಯಲ್ಲೋ."

ಅತ್ತೆ, ನಿಮ್ಮ ಮಗ ಅತ್ತರು! ಚಿಕ್ಕ ಹುಡುಗರ ಹಾಗೆ, ಸದ್ದು ಮಾಡಿ. ಮಾವ ತಮ್ಮ ಕೈಯಾರೆ ಶಿವದಾರವನ್ನು ಅವರ ಕೊರಳಿಗೆ ಕಟ್ಟಿದರು. "ಬಿಚ್ಚಬ್ಯಾಡ. ಕೋಟಿನ ಒಳಗಿರ್ಲಿ" ಅಂದರು. ಆಮೇಲೆ ಕೆಮ್ಮಿ, "ನೀರು ಕೊಡ್ಲಾ" ಅಂದರು. ಉದಯ್ ಓಡಿದ ರಭಸಕ್ಕೆ ಅಡುಗೆಮನೆಯಲ್ಲಿ ಏನೋ ಬಿತ್ತು. ಮಾವ ಪೂರ್ತಿ ಲೋಟ ಕುಡಿದು ಇನ್ನೊಂದು ಕೇಳಿದರು.

ಮಾರನೆಯ ದಿನ ನನಗೆ. ಪುಟ್ಟ ಕರಡಿಗೆ ಅವರ ಸೊಂಟದ ಗಂಟಿನಲ್ಲೇ ಇತ್ತು, ಮಠಕ್ಕೆ ಹೋಗಿರಲಿಲ್ಲ. ಮಾರಿ-ಆಂಜ್ ಹೂವು ತಂದು, ಚರ್ಚಿನಲ್ಲಿ ನಿಲ್ಲುವ ಹಾಗೆ ಕೈಕಟ್ಟಿ ನಿಂತರು. ನಾನು ಮಲಗಿದ್ದಲ್ಲಿಗೇ ಬಂದು ಮಾವ ಲಿಂಗ ಕಟ್ಟಿದರು. ಕಟ್ಟುವಾಗ ಮಗು ಒದ್ದಿತು ಅತ್ತೆ! ನಾನು ಕಿರುಚಿದೆ, ಮಾವ ಮಂತ್ರ ಮರೆತು ನಕ್ಕರು, ಮತ್ತೆ ಮೊದಲಿನಿಂದ ಹೇಳಿದರು. ಚನ್ನಪಟ್ಟಣದ ಅಪ್ಪ ಕೊಟ್ಟು ಕಳಿಸಿದ ಅರಗಿನ ಬಣ್ಣದ ಗಿಲಕಿಯೂ ಬಂದಿದೆ. ಅದನ್ನು ಸದ್ಯಕ್ಕೆ ನಾನೇ ಆಡಿಸುತ್ತಿದ್ದೇನೆ.

ಇಲ್ಲೇ ಉಳಿಯುವ ವಿಷಯ ಮಾವನೇ ಎತ್ತಿದರು. ಇಲ್ಲಿ ಮೊದಲು ಆಮೆ ಬಿಟ್ಟು ಯಾರೂ ಇರಲಿಲ್ಲ ಅಂತ ನಾನು ಬರೆದದ್ದನ್ನು ನೆನಪಿಟ್ಟುಕೊಂಡಿದ್ದಾರೆ. "ಹಂಗಾರೆ ಇಲ್ಲಿ ಯಾರೂ ಯಾರ್ನೂ ಹೊರ್ಗಿನೋರು ಅನ್ನಂಗಿಲ್ಲ. ಬೈರಪ್ಪನ ಕೊಟ್ಟಿಗೇಲೂ ಅಷ್ಟೇಯ" ಅಂದರು. ಇರು ಅನ್ನಲಿಲ್ಲ, ಬಾ ಅನ್ನಲಿಲ್ಲ. ನನಗೂ ಇನ್ನೂ ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು ಮನಸ್ಸು.

ಈಗ ಉದಯ್ ಕೆಲಸಕ್ಕೆ ಇಳಿಯುತ್ತಿದ್ದಾರೆ. ಕಾಲರ್ ಪಕ್ಕದಲ್ಲಿ ಶಿವದಾರ ಒಂಚೂರು ಇಣುಕುತ್ತಿದೆ. ಮಾವ ವರಾಂಡದಲ್ಲಿ, ನಾನು ನಿಲ್ಲುತ್ತಿದ್ದ ಜಾಗದಲ್ಲೇ ನಿಂತು ಮಗ ತಿರುವು ದಾಟುವವರೆಗೂ ನೋಡಿದರು. "ವಾಪಸ್ ಎಷ್ಟೊತ್ತಿಗೆ ಬತ್ತಾನೆ?" ಅಂತ ಈಗಲೇ ಕೇಳುತ್ತಿದ್ದಾರೆ!

ನಿಮ್ಮ ಸೌಮ್ಯಾ

ತಾ.ಕ.: ಕಾಗದ ಮಡಿಸುವಾಗ ಮಾವ ಪಕ್ಕದಲ್ಲಿ ಬಂದು ಕೂತರು. "ಇದನ್ನ ಅತ್ತೆಗೆ ಮಾತ್ರ ಅಂತ ಬರೀಲಾ?" ಅಂದೆ. ಅವರು ಹೇಳಿದ್ದನ್ನು ಹಾಗೇ ಬರೆಯುತ್ತಿದ್ದೇನೆ: "ಜಗಲಿ ಮೇಲೆ ಓದು ಅಂತ ಬರಿ. ಬೈರಪ್ಪ ಇರ್ಲಿ, ಊರೋರು ಇರ್ಲಿ. ಲಿಂಗ ಕಟ್ಟಿಸ್ಕಳೋರು ಕಟ್ಟಿಸ್ಕಳ್ಳಿ, ಬುಡೋರು ಬುಡ್ಲಿ. ಮೀನು ಅನ್ನೋ ಕಡೆ ಮಾತ್ರ ಅವಳು ನಿಲ್ಲಿಸ್ಬಾರ್ದು."